ಕಮೀಲ್ ಪಿಸಾರೊ

ಕಮೀಲ್ ಪಿಸಾರೊ (10 ಜುಲೈ 1830 – 13 ನವೆಂಬರ್ 1903) ಫ್ರಾನ್ಸಿನಲ್ಲಿ ನೆಲೆಸಿ ಕೆಲಸಮಾಡಿದ ಚಿತ್ರಕಾರ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೂಪುಗೊಂಡ ಇಂಪ್ರೆಷನಿಸ್ಟ್ ಚಿತ್ರಕಲಾ ಪಂಥದ ಸ್ಥಾಪಕರಲ್ಲಿ ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯ. 1874ರಿಂದ 1886ರವರೆಗೆ ಪ್ಯಾರಿಸ್ಸಿನಲ್ಲಿ ಈ ಪಂಥದವರು ನಡೆಸಿದ ಎಂಟು ಪ್ರದರ್ಶನಗಳಲ್ಲಿಯೂ ತನ್ನ ಚಿತ್ರಗಳನ್ನಿರಿಸಿದ ಏಕೈಕ ಕಲಾವಿದ ಈತ. ಮೋನೆ, ರೆನ್ವಾ ಮುಂತಾದ ಜೊತೆಗಾರರು ಸಾಮಾನ್ಯವಾಗಿ ನದೀತೀರ, ದೋಣಿವಿಹಾರ, ನಗರದ ಬೀದಿ, ಕುಣಿತದ ಕೂಟಗಳತ್ತ ಒಲಿದರೆ ಪಿಸಾರೊ ಹಳ್ಳಿಯ ಹೊಲಗದ್ದೆಗಳಲ್ಲಿಯೂ ಅಲ್ಲಿ ದುಡಿಯುವವರಲ್ಲಿಯೂ ತನ್ನ ಮುಖ್ಯ ವಸ್ತುವನ್ನು ಕಂಡುಕೊಂಡ. ಬಿಸಿಲಿನಲ್ಲಿ ಕಳೆ ಕೀಳುವ, ಸಿವುಡು ಕಟ್ಟುವ, ಸೇಬು ಆಯುವ, ಹುಲ್ಲು ಹರಡುವ ಹೆಂಗಸರು ಗಂಡಸರು ಈತನ ನೂರಾರು ವರ್ಣಚಿತ್ರ, ರೇಖಾಚಿತ್ರ ಹಾಗೂ ಅಚ್ಚುಚಿತ್ರಗಳಲ್ಲಿ ಕಾಣಸಿಗುತ್ತಾರೆ.

ಆರಂಭದ ದಿನಗಳು

ಪಿಸಾರೊ ಹುಟ್ಟಿದ್ದು ಕೆರಿಬಿಯನ್ ಸಮುದ್ರದ ಸೇಂಟ್ ಥಾಮಸ್ ದ್ವೀಪದ ಶಾರ್ಲಟ್ ಅಮಾಲಿ ಎಂಬ ಬಂದರು ಪಟ್ಟಣದಲ್ಲಿ. ಆ ದ್ವೀಪ ಆಗ ಡೆನ್ಮಾರ್ಕಿನ ಅಧೀನದಲ್ಲಿತ್ತು. ತಂದೆ ಪೋರ್ಚುಗೀಸ್ ಮೂಲದ ಯಹೂದಿ ವ್ಯಾಪಾರಿ. ಆತ ತನ್ನ ಸೋದರಮಾವನ ವಿಧವೆಯನ್ನು ವಿವಾಹವಾದುದನ್ನು ಸ್ಥಳೀಯ ಯಹೂದಿ ಸಮುದಾಯ ಬಹುಕಾಲ ಒಪ್ಪಲಿಲ್ಲ. ಇದರಿಂದಾಗಿ ಮಕ್ಕಳು ಕಪ್ಪು ಜನಾಂಗದ ಮಕ್ಕಳು ಓದುತ್ತಿದ್ದ ಶಾಲೆಗೆ ಹೋಗಬೇಕಾಯಿತು. ಸಮಾಜದ ಅಂಚಿನಲ್ಲಿ ಬೆಳೆದ ಈ ಬಾಲ್ಯವೇ ಮುಂದೆ ದುಡಿಯುವ ವರ್ಗದ ಬಗೆಗಿನ ಈತನ ಒಲವಿಗೆ ಕಾರಣವೆಂದು ಕೆಲವು ಜೀವನಚರಿತ್ರಕಾರರು ಭಾವಿಸುತ್ತಾರೆ. ಅದನ್ನು ಊಹೆಯೆಂದೇ ತಿಳಿಯುವುದು ಸೂಕ್ತ.

ಹನ್ನೆರಡನೆಯ ವಯಸ್ಸಿನಲ್ಲಿ ಪ್ಯಾರಿಸ್ ಬಳಿಯ ಪಾಸಿ ಎಂಬಲ್ಲಿನ ವಸತಿಶಾಲೆಗೆ ಸೇರಿದ ಪಿಸಾರೊ ಅಲ್ಲಿ ಚಿತ್ರಕಲೆಯ ಮೊದಲ ಪಾಠಗಳನ್ನು ಕಲಿತ. 1847ರಲ್ಲಿ ಊರಿಗೆ ಮರಳಿ ತಂದೆಯ ವ್ಯಾಪಾರದಲ್ಲಿ ಗುಮಾಸ್ತನಾದ. ಬಂದರಿನಲ್ಲಿ ಸರಕು ಇಳಿಸುವವರನ್ನೂ ತಲೆಯ ಮೇಲೆ ನೀರು ಹೊತ್ತು ನಡೆಯುವ ಹೆಂಗಸರನ್ನೂ ಬಿಡುವಿನಲ್ಲಿ ಬರೆಯುತ್ತಿದ್ದ. 1852ರಲ್ಲಿ ಫ್ರಿಟ್ಸ್ ಮೆಲ್ಬಿ ಎಂಬ ಡೇನಿಷ್ ಚಿತ್ರಕಾರನೊಡನೆ ವೆನೆಜುವೆಲಾಕ್ಕೆ ತೆರಳಿ ಸುಮಾರು ಎರಡು ವರ್ಷ ಅಲ್ಲಿ ಚಿತ್ರರಚನೆಯಲ್ಲಿ ತೊಡಗಿದ. 1855ರಲ್ಲಿ ಪ್ಯಾರಿಸ್ಸಿಗೆ ಬಂದವನು ಮತ್ತೆ ಹುಟ್ಟೂರಿಗೆ ಹಿಂದಿರುಗಲಿಲ್ಲ. ಆದರೂ ಜೀವನದ ಕೊನೆಯವರೆಗೆ ಡೆನ್ಮಾರ್ಕಿನ ಪ್ರಜೆಯಾಗಿಯೇ ಉಳಿದ.

ಪ್ಯಾರಿಸ್ಸಿನಲ್ಲಿ ಪ್ರಕೃತಿಚಿತ್ರಕಾರ ಕೊರೊ ಈತನಿಗೆ ಮಾರ್ಗದರ್ಶಿಯಾದ. ಅಕಾಡೆಮಿ ಸ್ವಿಸ್ ಎಂಬ ಅಭ್ಯಾಸಶಾಲೆಯಲ್ಲಿ ಮೋನೆ, ಗಿಯೊಮಾಂ, ಸೆಜಾನ್ ಇವರ ಪರಿಚಯವಾಯಿತು. 1859ರಲ್ಲಿ ಸರ್ಕಾರಿ ವಾರ್ಷಿಕ ಪ್ರದರ್ಶನವಾದ ಸಲೋನ್‌ನಲ್ಲಿ ಈತನ ಒಂದು ಚಿತ್ರ ಮೊದಲ ಬಾರಿಗೆ ಸ್ವೀಕೃತವಾಯಿತು.

ಯುದ್ಧ ಮತ್ತು ನಷ್ಟ

1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾಗಳ ನಡುವೆ ಯುದ್ಧ ಆರಂಭವಾದಾಗ ಪಿಸಾರೊ ಕುಟುಂಬಸಮೇತ ಲಂಡನ್ನಿಗೆ ಹೋದ. ಲೂವ್ಸಿಯೆನ್ ಎಂಬ ಊರಿನಲ್ಲಿದ್ದ ಈತನ ಮನೆಯಲ್ಲಿ ಪ್ರಷ್ಯನ್ ಸೈನಿಕರು ಬಿಡಾರ ಹೂಡಿದರು. ಮರಳಿ ಬರುವಷ್ಟರಲ್ಲಿ ಇಪ್ಪತ್ತು ವರ್ಷಗಳ ದುಡಿಮೆಯ ಫಲವಾಗಿದ್ದ ಸುಮಾರು 1,500 ಚಿತ್ರಗಳಲ್ಲಿ ಉಳಿದಿದ್ದವು 40ರಷ್ಟು ಮಾತ್ರ ಎನ್ನಲಾಗಿದೆ. ತೋಟದ ಕೆಸರಿನಿಂದ ಬೂಟುಗಳನ್ನು ಕಾಪಾಡಿಕೊಳ್ಳಲು ಸೈನಿಕರು ಚಿತ್ರಪಟಗಳನ್ನು ನೆಲಕ್ಕೆ ಹಾಸಿಕೊಂಡಿದ್ದರು. ಹೀಗಾಗಿ 1870ಕ್ಕಿಂತ ಹಿಂದಿನ ಪಿಸಾರೊನ ಕಲೆಯ ಬಗ್ಗೆ ಇಂದು ತಿಳಿದಿರುವುದು ಅತ್ಯಲ್ಪ.

ಲಂಡನ್ನಿನ ವಾಸದಿಂದ ಎರಡು ಪ್ರಯೋಜನಗಳಾದವು. ಮೋನೆಯೂ ಅಲ್ಲಿಯೇ ಇದ್ದುದರಿಂದ ಇಬ್ಬರೂ ಕೂಡಿ ಟರ್ನರ್ ಮತ್ತು ಕಾನ್‌ಸ್ಟಬಲ್ ಇವರ ಚಿತ್ರಗಳನ್ನು ಅಭ್ಯಸಿಸಿದರು. ಅಲ್ಲದೆ ಮುಂದೆ ಇಡೀ ಪಂಥಕ್ಕೆ ಆಸರೆಯಾಗಿ ನಿಂತ ಚಿತ್ರವ್ಯಾಪಾರಿ ಪಾಲ್ ದ್ಯುರಾಂ-ರುಯೆಲ್‌ನ ಪರಿಚಯವಾಯಿತು.

ಪೊಂತ್ವಾಸ್ ಮತ್ತು ಮೊದಲ ಪ್ರದರ್ಶನ

1872ರಿಂದ 1882ರವರೆಗೆ ಪಿಸಾರೊ ಪ್ಯಾರಿಸ್ಸಿನ ವಾಯವ್ಯಕ್ಕಿರುವ ಪೊಂತ್ವಾಸ್ ಪಟ್ಟಣದಲ್ಲಿ ವಾಸಿಸಿದ. ಗುಡ್ಡದ ಇಳಿಜಾರಿನ ತರಕಾರಿ ತೋಟಗಳು, ಕೆಂಪು ಹೆಂಚಿನ ಮನೆಗಳು, ಉತ್ತ ಹೊಲಗಳು, ವಾರದ ಸಂತೆ ಇವೆಲ್ಲ ಇಲ್ಲಿ ಕಾಲ್ನಡಿಗೆಯ ದೂರದಲ್ಲಿದ್ದವು. ವಿಶಾಲವಾದ ಗೋಧಿ ಹೊಲಗಳಿಗಿಂತ ಎಲೆಕೋಸಿನ ಪಾತಿಗಳೇ ಈತನಿಗೆ ಹೆಚ್ಚು ಪ್ರಿಯವಾಗಿದ್ದುದು ಗಮನಾರ್ಹ. ನಗರದ ಸಂತೆಗೆ ತರಕಾರಿ ಬೆಳೆಯುವ ಸಣ್ಣ ಹಿಡುವಳಿದಾರರ ಲೋಕ ಅದು. ವಿಮರ್ಶಕ ಕಾಸ್ತಾನ್ಯಾರಿ ಪಿಸಾರೊನ ಕಲಾಶಕ್ತಿಯನ್ನು ಮೆಚ್ಚಿದರೂ ಕೋಸಿನ ತೋಟಗಳ ಬಗೆಗಿನ ಈ ಮೋಹವನ್ನು ಶೋಚನೀಯ ಅಭಿರುಚಿಯೆಂದು ಹಳಿದ.

1874ರಲ್ಲಿ ಛಾಯಾಗ್ರಾಹಕ ನಾದಾರ್‌ನ ಹಿಂದಿನ ಸ್ಟುಡಿಯೋದಲ್ಲಿ ನಡೆದ ಮೊದಲ ಪ್ರದರ್ಶನದಲ್ಲಿ ಪಿಸಾರೊ ಐದು ಚಿತ್ರಗಳನ್ನಿಟ್ಟಿದ್ದ. ಅವುಗಳಲ್ಲಿ ಒಂದು 1873ರ ‘ಬಿಳಿ ಇಬ್ಬನಿ’. ಚಳಿಗಾಲದ ಬೆಳಿಗ್ಗೆ. ಬೆನ್ನ ಮೇಲೆ ಸೌದೆಯ ಹೊರೆ ಹೊತ್ತ ಒಬ್ಬ ಮುದುಕ ಕೋಲೂರಿಕೊಂಡು ಏರುದಾರಿಯಲ್ಲಿ ನಡೆದಿದ್ದಾನೆ. ಹೆಪ್ಪುಗಟ್ಟಿದ ಇಬ್ಬನಿಯಿಂದ ಬೆಳ್ಳಗಾದ ನೇಗಿಲ ಸಾಲುಗಳ ಮೇಲೆ ಉದ್ದನೆಯ ನೀಲಿ ನೆರಳುಗಳು ಅಡ್ಡಬಿದ್ದಿವೆ. ಆ ನೆರಳುಗಳನ್ನು ಚೆಲ್ಲಿದ ಮರಗಳು ಚಿತ್ರದಲ್ಲಿ ಇಲ್ಲವೇ ಇಲ್ಲ, ಅವು ಚೌಕಟ್ಟಿನ ಹೊರಗಿವೆ. ಕಾಸ್ತಾನ್ಯಾರಿ ಇದನ್ನು ದೊಡ್ಡ ತಪ್ಪೆಂದು ಎಣಿಸಿದ. ಇಂದಿನ ನೋಡುಗನಿಗೆ ಸೂರ್ಯ ಯಾವ ಕಡೆ ಎಷ್ಟು ಎತ್ತರದಲ್ಲಿದ್ದಾನೆ ಎಂಬುದನ್ನು ಹೇಳುವುದೇ ಆ ನೆರಳುಗಳು. ‘ಶರಿವಾರಿ’ ಎಂಬ ವಿಡಂಬನ ಪತ್ರಿಕೆಯಲ್ಲಿ ಲೂಯಿ ಲೆರ್ವಾ ಈ ಚಿತ್ರವನ್ನು ಕೊಳಕು ಬಟ್ಟೆಯ ಮೇಲೆ ವರ್ಣಫಲಕವನ್ನು ಕೆರೆದು ಸುರಿದಂತಿದೆ ಎಂದು ಗೇಲಿಮಾಡಿದ. ಮೋನೆಯ ‘ಸೂರ್ಯೋದಯ’ ಚಿತ್ರದ ಹೆಸರನ್ನು ಹಿಡಿದು ಪಂಥಕ್ಕೆ ‘ಇಂಪ್ರೆಷನಿಸ್ಟ್’ ಎಂಬ ಹೆಸರು ಬೀಳಲು ಕಾರಣವಾದದ್ದೂ ಅದೇ ಲೇಖನ. ‘ಬಿಳಿ ಇಬ್ಬನಿ’ ಈಗ ಪ್ಯಾರಿಸ್ಸಿನ ಒರ್ಸೆ ವಸ್ತುಸಂಗ್ರಹಾಲಯದಲ್ಲಿದೆ.

ದುಡಿಯುವವರ ಚಿತ್ರಣ

ಆರಂಭದ ಪ್ರಕೃತಿಚಿತ್ರಗಳಲ್ಲಿ ಮನುಷ್ಯರು ದಾರಿಯಲ್ಲಿ ನಡೆಯುವ ಸಣ್ಣ ಆಕೃತಿಗಳಷ್ಟೇ. 1880ರ ಸುಮಾರಿಗೆ ಈ ಪ್ರಮಾಣ ಬದಲಾಯಿತು. ಆಕೃತಿಗಳು ಮುಂದಕ್ಕೆ ಬಂದು ಚಿತ್ರದ ಬಹುಭಾಗವನ್ನು ತುಂಬತೊಡಗಿದವು, ಕ್ಷಿತಿಜರೇಖೆ ಮೇಲೇರಿತು, ಆಕಾಶ ಕಿರಿದಾಯಿತು. ಆ ವೇಳೆಗೆ ಪಿಸಾರೊ ದೆಗಾನ ಜೊತೆಗೂಡಿ ಅಚ್ಚುಚಿತ್ರಗಳ ಪ್ರಯೋಗದಲ್ಲಿ ತೊಡಗಿದ್ದ. ದೇಹದ ಭಂಗಿಗಳನ್ನು ಮತ್ತೆ ಮತ್ತೆ ಬರೆದು ಅಭ್ಯಸಿಸುವ ಕ್ರಮವನ್ನು ಈತ ದೆಗಾನಿಂದ ಪಡೆದಿರಬೇಕು. ದೆಗಾ ನರ್ತಕಿಯರನ್ನು ನೋಡಿದಂತೆ ಪಿಸಾರೊ ಬಗ್ಗಿ ಕಳೆ ಕೀಳುವವಳ ಬೆನ್ನನ್ನು, ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡವಳ ತೋಳನ್ನು ನೋಡಿದ.

ಈ ಕಾಲದ ಕೆಲವು ಚಿತ್ರಗಳು ಪ್ರಸಿದ್ಧವಾಗಿವೆ. 1880ರ ‘ಅಗಸಗಿತ್ತಿ’ ಚಿತ್ರಕ್ಕೆ ರೂಪದರ್ಶಿಯಾದವಳು ಪೊಂತ್ವಾಸ್‌ನ ನೆರೆಮನೆಯ, 56 ವರ್ಷ ವಯಸ್ಸಿನ ಹೆಂಗಸು. ಇದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ. 1881ರ ಒಂದು ಚಿತ್ರದಲ್ಲಿ ಹಳ್ಳಿಯ ಯುವತಿಯೊಬ್ಬಳು ಕಿಟಕಿಯ ಬಳಿ ಕುಳಿತು ಬಟ್ಟಲಿನಲ್ಲಿ ಕಾಫಿ ಕುಡಿಯುತ್ತಿದ್ದಾಳೆ. ಇದು ಷಿಕಾಗೋ ನಗರದ ಕಲಾಸಂಸ್ಥೆಯಲ್ಲಿದೆ. 1882ರ ‘ಕೊಯ್ಲು’ ಎಂಬುದು ಎಣ್ಣೆಬಣ್ಣದ ಬದಲು ಟೆಂಪೆರಾ ಎಂಬ ಅಂಟುಬಣ್ಣದಲ್ಲಿ ಬರೆದ ಅಗಲವಾದ ರಚನೆ. ಸಿವುಡುಗಳ ನಡುವೆ ಹಲವರು ಬಗ್ಗಿ ಎದ್ದು ಕೆಲಸಮಾಡುತ್ತಿರುವ ಈ ಚಿತ್ರ ಟೋಕಿಯೋದ ರಾಷ್ಟ್ರೀಯ ಪಾಶ್ಚಾತ್ಯ ಕಲಾ ಸಂಗ್ರಹಾಲಯದಲ್ಲಿದೆ. ಅದೇ ವರ್ಷ ನಡೆದ ಏಳನೆಯ ಪ್ರದರ್ಶನದಲ್ಲಿ ಪಿಸಾರೊ ಇಟ್ಟ ಚಿತ್ರಗಳಲ್ಲಿ ಹಳ್ಳಿಯ ಜನರೇ ಎದ್ದುಕಾಣುತ್ತಿದ್ದರು.

ವಿಶ್ರಾಂತಿಯೂ ಪಿಸಾರೊಗೆ ಕೆಲಸದಷ್ಟೇ ಮುಖ್ಯವಾದ ವಸ್ತು. ಗುದ್ದಲಿಯನ್ನು ಬದಿಗಿಟ್ಟು ಮಾತಿಗೆ ಕುಳಿತವರು, ಕೋಲೊಂದನ್ನು ಹಿಡಿದು ಸುಮ್ಮನೆ ನೆಲ ನೋಡುತ್ತ ಕುಳಿತ ಕುರಿ ಕಾಯುವ ಹುಡುಗಿ, ಹುಲ್ಲಿನ ಮೇಲೆ ಒರಗಿದ ಕೂಲಿಯವರು ಮತ್ತೆ ಮತ್ತೆ ಬರುತ್ತಾರೆ. 1891–92ರ ‘ಇಬ್ಬರು ರೈತ ಯುವತಿಯರು’ ಎಂಬ ದೊಡ್ಡ ಚಿತ್ರದಲ್ಲಿ ಮಾತನಾಡುತ್ತ ಕೆಲಸ ನಿಲ್ಲಿಸಿದ ಆ ಕ್ಷಣವೇ ವಸ್ತು. ಇಲ್ಲಿ ಯಾರೂ ನೋಡುಗನ ಕಡೆ ತಿರುಗಿ ಕರುಣೆಯನ್ನು ಬೇಡುವುದಿಲ್ಲ. ಸಂತೆಯ ಚಿತ್ರಗಳಲ್ಲಿ ಗ್ರಾಮೀಣ ಜೀವನದ ಮತ್ತೊಂದು ಮುಖವಿದೆ. ಪೊಂತ್ವಾಸ್ ಮತ್ತು ಗಿಸೋರ್ ಪಟ್ಟಣಗಳ ಸಂತೆಯಲ್ಲಿ ಕೋಳಿ, ಮೊಟ್ಟೆ, ಧಾನ್ಯಗಳ ಚೌಕಾಸಿ ನಡೆಸುವ ರೈತ ಹೆಂಗಸರನ್ನು ಕಿಕ್ಕಿರಿದ ರಚನೆಗಳಲ್ಲಿ ತೋರಿಸಿದ್ದಾನೆ.

ಸಮಕಾಲೀನರೊಡನೆ ಹೋಲಿಸಿದರೆ ಪಿಸಾರೊನ ವೈಶಿಷ್ಟ್ಯ ಸ್ಪಷ್ಟವಾಗುತ್ತದೆ. ಮೋನೆ 1890–91ರಲ್ಲಿ ಬರೆದ ಪ್ರಸಿದ್ಧ ಚಿತ್ರಮಾಲಿಕೆಯನ್ನು ಹುಲ್ಲಿನ ಬಣವೆಗಳೆಂದು ಕರೆಯುವುದು ರೂಢಿ. ವಾಸ್ತವವಾಗಿ ಅವು ತೆನೆಸಹಿತವಾದ ಮೆದೆಗಳು. ಬೆಳಗು, ಮಧ್ಯಾಹ್ನ, ಸಂಜೆ, ಹಿಮ ಎಲ್ಲವೂ ಆ ಮಾಲಿಕೆಯಲ್ಲಿವೆ, ಆದರೆ ಮೆದೆ ಒಟ್ಟಿದವರು ಕಾಣುವುದಿಲ್ಲ. ಪಿಸಾರೊ ಬೆಳಕನ್ನು ಅದೇ ಶ್ರದ್ಧೆಯಿಂದ ಬರೆದರೂ ಆ ಬೆಳಕಿನಡಿ ದುಡಿಯುವವರನ್ನು ಬಿಟ್ಟುಕೊಡಲಿಲ್ಲ.

ಮಿಲೆಯ ನೆರಳು

ರೈತರನ್ನು ಕುರಿತು ಬರೆಯುವ ಯಾವ ಚಿತ್ರಕಾರನೂ ಆ ಕಾಲದಲ್ಲಿ ಝಾಂ-ಫ್ರಾಂಸ್ವಾ ಮಿಲೆಯೊಡನೆ (1814–1875) ಹೋಲಿಕೆಗೆ ಒಳಗಾಗದೆ ಇರುವಂತಿರಲಿಲ್ಲ. ಮಿಲೆಯ ‘ಹಕ್ಕಲು ಆಯುವವರು’ (1857) ಚಿತ್ರದಲ್ಲಿ ಮೂವರು ಹೆಂಗಸರು ಸಂಜೆಯ ಮಬ್ಬಿನಲ್ಲಿ ಶಿಲ್ಪಗಳಂತೆ ಭಾರವಾಗಿ ಬಾಗಿದ್ದಾರೆ. ಅವರ ದುಡಿಮೆಗೆ ಧಾರ್ಮಿಕ ಗಾಂಭೀರ್ಯವಿದೆ. ಪಿಸಾರೊ ಈ ಹೋಲಿಕೆಯಿಂದ ಬೇಸರಗೊಂಡಿದ್ದ. ಮಿಲೆಯ ಕಲೆ ಬೈಬಲ್ಲಿನ ಛಾಯೆಯದು, ಯಹೂದಿಯಾದ ತನ್ನಲ್ಲಿಯೇ ಅದು ಅಷ್ಟಾಗಿ ಇಲ್ಲ ಎಂಬ ಅರ್ಥದ ಮಾತನ್ನು ತಮಾಷೆಯಾಗಿ ಪತ್ರವೊಂದರಲ್ಲಿ ಬರೆದಿದ್ದಾನೆ. 1882ರ ಪ್ರದರ್ಶನವನ್ನು ಕಂಡ ಸಾಹಿತಿ ಹ್ಯುಸ್ಮಾನ್ಸ್, ಪಿಸಾರೊ ಮಿಲೆಯ ನೆನಪಿನಿಂದ ಪೂರ್ಣವಾಗಿ ಬಿಡುಗಡೆ ಹೊಂದಿದ್ದಾನೆ, ಹಳ್ಳಿಗರನ್ನು ಹುಸಿ ಭವ್ಯತೆಯಿಲ್ಲದೆ ಇದ್ದಂತೆ ಬರೆಯುತ್ತಾನೆ ಎಂದು ಗುರುತಿಸಿದ.

ಮತ್ತೊಂದು ದಿಕ್ಕಿನಿಂದ ಬರುವ ಆಕ್ಷೇಪವೂ ಉಂಟು. ಬರಗಾಲ, ಸಾಲ, ಹಳ್ಳಿಯನ್ನು ಬಿಟ್ಟು ನಗರಕ್ಕೆ ಗುಳೆ ಹೋಗುವ ಸಂಕಟ ಇವು ಈತನ ವರ್ಣಚಿತ್ರಗಳಲ್ಲಿ ಬಹುಮಟ್ಟಿಗೆ ಇಲ್ಲ. ಸೇಬಿನ ತೋಪಿನ ಬಿಸಿಲು ಆ ಕಷ್ಟಗಳನ್ನು ಮರೆಸುತ್ತದೆ ಎಂಬುದು ನ್ಯಾಯವಾದ ಟೀಕೆಯೇ. ಆದರೆ ಪಿಸಾರೊ ಬರೆದದ್ದು ತನ್ನ ಸುತ್ತ ನೋಡಿದ್ದನ್ನು ಮಾತ್ರವಲ್ಲ, ಮುಂದೆ ಆಗಬೇಕೆಂದು ನಂಬಿದ್ದನ್ನೂ ಕೂಡ. ದುಡಿಮೆ ಮತ್ತು ಬಿಡುವು ಸಮನಾಗಿ ಬೆರೆತ, ಯಜಮಾನನ ಕಣ್ಗಾವಲಿಲ್ಲದ ಬದುಕು ಅದು. ಈತನ ಹೊಲಗಳಲ್ಲಿ ಮೇಸ್ತ್ರಿ ಕಾಣಿಸುವುದು ತೀರ ಅಪರೂಪ.

ಬೆಳಕು ಮತ್ತು ಬಣ್ಣ

ನೆರಳು ಕಪ್ಪಲ್ಲ, ಅದಕ್ಕೂ ಬಣ್ಣವಿದೆ ಎಂಬುದು ಇಂಪ್ರೆಷನಿಸ್ಟರ ಮೂಲ ತಿಳಿವಳಿಕೆ. ಹಸಿರು ಹುಲ್ಲಿನ ಮೇಲೆ ಬಿದ್ದ ಮರದ ನೆರಳಿನಲ್ಲಿ ನೀಲಿ, ನೇರಳೆ ಛಾಯೆಗಳಿರುತ್ತವೆ, ಬಿಸಿಲಿಗೊಡ್ಡಿದ ಬಿಳಿ ಕುಪ್ಪಸದಲ್ಲಿ ಹಳದಿ, ಗುಲಾಬಿ ಇರುತ್ತವೆ. ಪಿಸಾರೊ ಕಪ್ಪು ಮತ್ತು ಮಣ್ಣಿನ ಕಂದುಬಣ್ಣಗಳನ್ನು ಕ್ರಮೇಣ ಕೈಬಿಟ್ಟು ಶುದ್ಧವರ್ಣಗಳ ಸಣ್ಣ ಗೆರೆಗಳನ್ನು ಒತ್ತೊತ್ತಾಗಿ ಇಡುವ ಕ್ರಮವನ್ನು ಅನುಸರಿಸಿದ. ಇದಕ್ಕೆ ಅತ್ಯುತ್ತಮ ಸಾಕ್ಷಿ ಅಮೆರಿಕದ ಕ್ಲಾರ್ಕ್ ಕಲಾಸಂಸ್ಥೆಯಲ್ಲಿರುವ ಒಂದು ವಿಲಕ್ಷಣ ಕೃತಿ. ಸುಮಾರು 1878ರಲ್ಲಿ ಪಿಸಾರೊ ತನ್ನ ಮರದ ವರ್ಣಫಲಕದ ಮೇಲೆಯೇ ಹುಲ್ಲಿನ ಗಾಡಿ ಮತ್ತು ರೈತರಿರುವ ಪ್ರಕೃತಿದೃಶ್ಯವನ್ನು ಬರೆದು, ಬಳಸಿದ ಬಣ್ಣಗಳನ್ನು ಅಂಚಿನಲ್ಲಿ ಮುದ್ದೆಗಳಾಗಿ ಹಾಗೆಯೇ ಉಳಿಸಿದ್ದಾನೆ. ಬಿಳಿ, ಹಳದಿ, ಕೆಂಪು, ನೇರಳೆ, ನೀಲಿ, ಹಸಿರು: ಆರೇ ಆರು.

1885ರಲ್ಲಿ ಸೂರಾ ಮತ್ತು ಸಿನ್ಯಾಕ್ ಎಂಬ ಯುವಕಲಾವಿದರ ಪರಿಚಯವಾಯಿತು. ಬಣ್ಣಗಳನ್ನು ಬೆರೆಸದೆ ಸಣ್ಣ ಚುಕ್ಕೆಗಳಾಗಿ ಇಟ್ಟರೆ ನೋಡುಗನ ಕಣ್ಣಿನಲ್ಲಿ ಅವು ಕೂಡಿಕೊಂಡು ಹೆಚ್ಚು ಪ್ರಕಾಶಮಾನವಾಗುತ್ತವೆ ಎಂಬ ಅವರ ಸಿದ್ಧಾಂತಕ್ಕೆ ಐವತ್ತೈದರ ವಯಸ್ಸಿನಲ್ಲಿ ಪಿಸಾರೊ ಒಲಿದುದು ಹಳೆಯ ಗೆಳೆಯರಿಗೆ ಅಚ್ಚರಿಯನ್ನುಂಟುಮಾಡಿತು. 1888ರ ‘ಎರಾನ್ಯಿಯಲ್ಲಿ ಸೇಬಿನ ಕೊಯ್ಲು’ (ಡಲ್ಲಾಸ್ ಕಲಾ ಸಂಗ್ರಹಾಲಯ) ಈ ಬಿಂದುಶೈಲಿಯ ಶ್ರೇಷ್ಠ ಫಲ. ಮರದಿಂದ ಹಣ್ಣು ಉದುರಿಸುವವನು, ಬಗ್ಗಿ ಆಯುವವರು, ನೆಲದ ಮೇಲೆ ಹರಡಿದ ನೇರಳೆ-ನೀಲಿ ನೆರಳು ಎಲ್ಲವೂ ಸಾವಿರಾರು ಚುಕ್ಕೆಗಳಿಂದಲೇ ಮೂಡಿವೆ. 1889ರ ‘ಹಕ್ಕಲು ಆಯುವವರು’ (ಬಾಸೆಲ್) ಕೂಡ ಇದೇ ಶೈಲಿಯದು. ಮಿಲೆಯ ವಸ್ತುವನ್ನೇ ಎತ್ತಿಕೊಂಡು ಅದನ್ನು ಹಗಲು ಬೆಳಕಿಗೆ ತಂದಿರುವುದನ್ನು ಇಲ್ಲಿ ಕಾಣಬಹುದು.

ಆದರೆ ಚುಕ್ಕೆಯ ಕೆಲಸ ಬಹಳ ನಿಧಾನ. ವರ್ಷಕ್ಕೆ ಕೆಲವೇ ಚಿತ್ರಗಳು ಮುಗಿಯುತ್ತಿದ್ದವು, ಕೊಳ್ಳುವವರೂ ಕಡಿಮೆಯಾದರು. ಕ್ಷಣಕ್ಷಣಕ್ಕೂ ಬದಲಾಗುವ ಬೆಳಕನ್ನು ಹಿಡಿಯಲು ಈ ಕ್ರಮ ಅಡ್ಡಿಯೆಂದು ಕಂಡುಕೊಂಡ ಪಿಸಾರೊ 1890ರ ಹೊತ್ತಿಗೆ ಅದನ್ನು ತ್ಯಜಿಸಿದ.

ರಾಜಕೀಯ ನಿಲುವು

ಪಿಸಾರೊ ಅರಾಜಕತಾವಾದಿ. ಪ್ರೂಧೋಂ ಮತ್ತು ಕ್ರೊಪಾಟ್ಕಿನ್ ಇವರ ಬರಹಗಳನ್ನು ಆಳವಾಗಿ ಓದಿಕೊಂಡಿದ್ದ. ಝಾಂ ಗ್ರಾವ್ ಸಂಪಾದಿಸುತ್ತಿದ್ದ ಪತ್ರಿಕೆಗಳಿಗೆ ಹಣದ ನೆರವನ್ನೂ ಕಲ್ಲಚ್ಚಿನ ಚಿತ್ರಗಳನ್ನೂ ನೀಡಿದ. 1889–90ರಲ್ಲಿ ಇಂಗ್ಲೆಂಡಿನಲ್ಲಿದ್ದ ಇಬ್ಬರು ಸೋದರ ಸಂಬಂಧಿ ಹೆಣ್ಣುಮಕ್ಕಳಿಗಾಗಿ ‘ಸಾಮಾಜಿಕ ನೀಚತನಗಳು’ ಎಂಬ ಅರ್ಥದ ಹೆಸರಿನಲ್ಲಿ ಲೇಖನಿಯ ರೇಖಾಚಿತ್ರಗಳ ಸಂಪುಟವೊಂದನ್ನು ತಯಾರಿಸಿದ. ಹಸಿವು, ಆತ್ಮಹತ್ಯೆ, ಬಡ್ಡಿವ್ಯವಹಾರ, ಕಾರ್ಖಾನೆಯ ಸೆರೆ ಮುಂತಾದ ನಗರಜೀವನದ ಕ್ರೌರ್ಯಗಳು ಅದರಲ್ಲಿವೆ. ವರ್ಣಚಿತ್ರಗಳಲ್ಲಿ ಕಾಣದ ಕೋಪ ಇಲ್ಲಿ ಕಾಣುತ್ತದೆ. ಈ ಸಂಪುಟ ಆತನ ಜೀವಿತಕಾಲದಲ್ಲಿ ಮನೆಯವರ ಖಾಸಗಿ ಸ್ವತ್ತಾಗಿಯೇ ಉಳಿಯಿತು.

ರೈತನನ್ನು ಚಿತ್ರಿಸಲು ರೈತನಾಗಿಯೇ ಬದುಕಿರಬೇಕು ಎಂಬ ಕ್ರೊಪಾಟ್ಕಿನ್‌ನ ಅಭಿಪ್ರಾಯವನ್ನು ಮಾತ್ರ ಪಿಸಾರೊ ಒಪ್ಪಲಿಲ್ಲ. ವಸ್ತುವಿನ ಬಗ್ಗೆ ಒಲವು ಅಗತ್ಯ, ಆದರೆ ಅದಕ್ಕಾಗಿ ರೈತನೇ ಆಗಬೇಕಿಲ್ಲ, ಮೊದಲು ಕಲಾವಿದನಾಗಿರಬೇಕು ಎಂದು 1892ರಲ್ಲಿ ಸ್ನೇಹಿತ ಮಿರ್ಬೋಗೆ ಬರೆದ. 1894ರ ಜೂನ್‌ನಲ್ಲಿ ಅಧ್ಯಕ್ಷ ಕಾರ್ನೊ ಅರಾಜಕವಾದಿಯೊಬ್ಬನಿಂದ ಹತನಾದಾಗ ಫ್ರಾನ್ಸಿನಲ್ಲಿ ಬಂಧನಗಳು ಹೆಚ್ಚಿದವು. ಪಿಸಾರೊ ಕೆಲವು ತಿಂಗಳು ಬೆಲ್ಜಿಯಂನಲ್ಲಿಯೇ ಉಳಿದ. ಮುಂದೆ ಡ್ರೇಫಸ್ ಪ್ರಕರಣದಲ್ಲಿ ನಿರಪರಾಧಿಯಾದ ಯಹೂದಿ ಸೇನಾಧಿಕಾರಿಯ ಪರ ನಿಂತುದರಿಂದ ದೆಗಾ ಮತ್ತು ರೆನ್ವಾರ ಸ್ನೇಹ ಕಡಿದುಹೋಯಿತು. ದೆಗಾ ಬೀದಿಯಲ್ಲಿ ಎದುರಾದರೂ ಮಾತನಾಡಿಸುತ್ತಿರಲಿಲ್ಲ.

ಸಂಸಾರ ಮತ್ತು ಎರಾನ್ಯಿ

ಪಿಸಾರೊನ ಪತ್ನಿ ಜೂಲಿ ವೆಲ್ಲೆ ಬರ್ಗಂಡಿ ಪ್ರಾಂತದ ದ್ರಾಕ್ಷಿ ಬೆಳೆಗಾರನ ಮಗಳು, ಆತನ ತಂದೆತಾಯಿಗಳ ಮನೆಯಲ್ಲಿ ಕೆಲಸಕ್ಕಿದ್ದವಳು. ಮನೆಯವರ ವಿರೋಧದ ನಡುವೆ ಬಹುವರ್ಷಗಳ ಸಹಜೀವನದ ನಂತರ 1871ರಲ್ಲಿ ಲಂಡನ್ ಬಳಿಯ ಕ್ರಾಯ್ಡನ್‌ನಲ್ಲಿ ವಿವಾಹ ನಡೆಯಿತು. ಮಣ್ಣಿನ ಕೆಲಸವನ್ನು ಬಲ್ಲವಳು ಆ ಮನೆಯಲ್ಲಿ ಆಕೆಯೇ. ತರಕಾರಿ ಬೆಳೆದು, ಕೋಳಿ ಮೊಲಗಳನ್ನು ಸಾಕಿ ಮಕ್ಕಳ ಹೊಟ್ಟೆ ತುಂಬಿಸಿದಳು. 1882ರಲ್ಲಿ ಯೂನಿಯನ್ ಜನರಾಲ್ ಬ್ಯಾಂಕು ಮುರಿದುಬಿದ್ದು ದ್ಯುರಾಂ-ರುಯೆಲ್ ಸಂಕಷ್ಟಕ್ಕೆ ಸಿಲುಕಿದಾಗ ಈ ಸಂಸಾರದ ಬಡತನ ಮತ್ತಷ್ಟು ಹೆಚ್ಚಿತು. ಚಿತ್ರಕಲೆಯ ಇತಿಹಾಸಗಳು ಜೂಲಿಯನ್ನು ಗೊಣಗುವ ಹೆಂಡತಿಯಾಗಿ ಚಿತ್ರಿಸಿರುವುದುಂಟು. ಆಕೆಯ ತೋಟವಿಲ್ಲದಿದ್ದರೆ ಆತನ ಚಿತ್ರಗಳೂ ಇರುತ್ತಿದ್ದವೋ ಇಲ್ಲವೋ ಎಂಬುದನ್ನು ಅವು ಯೋಚಿಸಿದಂತಿಲ್ಲ.

1884ರಲ್ಲಿ ಕುಟುಂಬ ಎಪ್ಟ್ ನದಿಯ ದಡದ ಎರಾನ್ಯಿ ಹಳ್ಳಿಗೆ ಸ್ಥಳಾಂತರಗೊಂಡಿತು. ಬಾಡಿಗೆಗಿದ್ದ ಮನೆಯನ್ನು 1892ರಲ್ಲಿ ಮೋನೆ ಕೊಟ್ಟ ಸಾಲದಿಂದ ಕೊಂಡುಕೊಂಡರು. ಆ ಸಾಲವನ್ನು ಕೇಳಲು ಹೋದವಳೂ ಜೂಲಿಯೇ. ಮಕ್ಕಳಲ್ಲಿ ಲೂಸಿಯೆನ್ ಮೊದಲ್ಗೊಂಡು ಐವರು ಗಂಡುಮಕ್ಕಳು ಚಿತ್ರಕಾರರಾದರು. ಲಂಡನ್ನಿನಲ್ಲಿ ನೆಲೆಸಿದ ಲೂಸಿಯೆನ್ ಹಳ್ಳಿಯ ಹೆಸರಿನಲ್ಲೇ ಎರಾನ್ಯಿ ಮುದ್ರಣಾಲಯವನ್ನು 1894ರಲ್ಲಿ ಸ್ಥಾಪಿಸಿದ. ತಂದೆ ಬರೆದ ಹೊಲದ ಕೆಲಸಗಳ ಚಿತ್ರಗಳನ್ನು ಮಗ ಮರದ ಅಚ್ಚಿನಲ್ಲಿ ಕೊರೆದು ಸಂಪುಟವಾಗಿ ಹೊರತಂದ. 1883ರಿಂದ ತಂದೆ ಮಗನಿಗೆ ಬರೆದ ಪತ್ರಗಳು ಇಂಪ್ರೆಷನಿಸ್ಟರ ಕುರಿತ ಪ್ರಮುಖ ಆಕರಗಳಲ್ಲಿ ಒಂದು.

ಶಿಷ್ಯವರ್ಗ ಮತ್ತು ಕೊನೆಯ ವರ್ಷಗಳು

ಸೆಜಾನ್ ಮತ್ತು ಗೊಗ್ಯಾಂ ಇಬ್ಬರೂ ಪೊಂತ್ವಾಸ್‌ನಲ್ಲಿ ಪಿಸಾರೊನ ಪಕ್ಕದಲ್ಲಿ ನಿಂತು ಚಿತ್ರ ಬರೆದವರು. ಸೆಜಾನ್ ಈತನನ್ನು ತಂದೆಯಂತೆ ಭಾವಿಸಿದ್ದ. ವಿನ್ಸೆಂಟ್ ವ್ಯಾನ್‌ಗೋನ ಚಿಕಿತ್ಸೆಗಾಗಿ ಡಾಕ್ಟರ್ ಗಾಶೆಯ ಹೆಸರನ್ನು ಸೂಚಿಸಿದವನೂ ಪಿಸಾರೊನೇ.

1892ರಲ್ಲಿ ದ್ಯುರಾಂ-ರುಯೆಲ್ ಏರ್ಪಡಿಸಿದ ಸಮಗ್ರ ಪ್ರದರ್ಶನದಿಂದ ಅರವತ್ತೊಂದರ ವಯಸ್ಸಿನಲ್ಲಿ ಈತನಿಗೆ ಆರ್ಥಿಕ ನೆಮ್ಮದಿ ದೊರೆಯಿತು. ಆ ವೇಳೆಗೆ ಕಣ್ಣೀರಿನ ನಾಳದ ದೀರ್ಘಕಾಲದ ಸೋಂಕು ಕಾಡತೊಡಗಿತ್ತು. ಗಾಳಿ, ಧೂಳಿಗೆ ಒಡ್ಡಿಕೊಳ್ಳುವಂತಿಲ್ಲವಾದ್ದರಿಂದ ರೂಆಂ, ಪ್ಯಾರಿಸ್, ದಿಯೆಪ್, ಲ ಹಾವ್ರ್ ನಗರಗಳ ಹೋಟೆಲು ಕೋಣೆಗಳ ಕಿಟಕಿಯೊಳಗಿನಿಂದ ಬೀದಿ, ಸೇತುವೆ, ಬಂದರುಗಳನ್ನು ಬರೆದ. 1903ರ ನವೆಂಬರ್ 13ರಂದು ಪ್ಯಾರಿಸ್ಸಿನಲ್ಲಿ ನಿಧನನಾದ. ಸಮಾಧಿ ಪೇರ್ ಲಾಶೇಸ್ ಸ್ಮಶಾನದಲ್ಲಿದೆ.

ಅಪಹೃತ ಚಿತ್ರಗಳು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಯಹೂದಿ ಸಂಗ್ರಾಹಕರಿಂದ ಕಿತ್ತುಕೊಂಡ ಕಲಾಕೃತಿಗಳಲ್ಲಿ ಪಿಸಾರೊನ ಗ್ರಾಮೀಣ ಚಿತ್ರಗಳೂ ಸೇರಿದ್ದವು. ಬಟಾಣಿ ಬಿಡಿಸುವ ರೈತರನ್ನು ಚಿತ್ರಿಸಿದ 1887ರ ಕೃತಿಯೊಂದನ್ನು 1943ರಲ್ಲಿ ಸಿಮೊನ್ ಬೊಯೆ ಎಂಬ ಸಂಗ್ರಾಹಕನಿಂದ ವಶಪಡಿಸಿಕೊಂಡು ಮಾರಲಾಗಿತ್ತು. 2017ರಲ್ಲಿ ಅದು ಪ್ಯಾರಿಸ್ಸಿನ ಪ್ರದರ್ಶನವೊಂದರಲ್ಲಿ ಕಾಣಿಸಿಕೊಂಡಾಗ ಆತನ ವಾರಸುದಾರರು ನ್ಯಾಯಾಲಯದ ಮೊರೆಹೊಕ್ಕರು. ಅದನ್ನು ಹಿಂದಿರುಗಿಸಬೇಕೆಂಬ ತೀರ್ಪನ್ನು ಫ್ರಾನ್ಸಿನ ಅತ್ಯುನ್ನತ ನ್ಯಾಯಾಲಯ 2020ರಲ್ಲಿ ಎತ್ತಿಹಿಡಿಯಿತು. ಕುರಿಗಳನ್ನು ಮನೆಗೆ ಹೊಡೆದುಕೊಂಡು ಬರುವ ಹುಡುಗಿಯ 1886ರ ಚಿತ್ರದ ಪ್ರಕರಣ ಬೇರೆ ರೀತಿಯಲ್ಲಿ ಮುಗಿಯಿತು. ಅಮೆರಿಕದ ಓಕ್ಲಹೋಮ ವಿಶ್ವವಿದ್ಯಾಲಯದ ಸಂಗ್ರಹದಲ್ಲಿದ್ದ ಆ ಚಿತ್ರವನ್ನು ಎರಡೂ ದೇಶಗಳಲ್ಲಿ ಸರದಿಯಂತೆ ಪ್ರದರ್ಶಿಸುವ ಒಪ್ಪಂದ 2016ರಲ್ಲಿ ಆಯಿತು. ಚಿತ್ರವನ್ನು ಶಾಶ್ವತವಾಗಿ ಫ್ರಾನ್ಸಿನಲ್ಲಿಯೇ ಉಳಿಸಿಕೊಳ್ಳಲು ಯತ್ನಿಸಿದ ವಾರಸುದಾರಳು 2021ರಲ್ಲಿ ತನ್ನ ಹಕ್ಕನ್ನು ಬಿಟ್ಟುಕೊಟ್ಟಳು.